ಮೆಟ್ನರನ ಪಿಯಾನೊ ಮತ್ತು ಮೈಸೂರಿನ ಸಹೃದಯತೆ

ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಭಾಗಿಸಿರುವನು. ಕೃತಿಯನ್ನು ನಿರ್ಮಿಸತಕ್ಕುದು ಕಾರಯಿತ್ರೀ. ನಿರ್ಮಿತವಾದುದನ್ನು ಅರಿತು ಆಸ್ವಾದಿಸತಕ್ಕುದು ಭಾವಯಿತ್ರೀ. ಪಾಶ್ಚಾತ್ಯ ಸಂಗೀತದ ಪಿಯಾನೊ ವಾದಕನಿಗೆ ಮುಖ್ಯವಾಗಿ ಬೇಕಾದುದು ಎರಡನೆಯದು. ಏಕೆಂದರೆ ಅಲ್ಲಿ ಕೃತಿಕಾರನು ಸ್ವರಗಳನ್ನೆಲ್ಲ ಲಿಪಿಯಲ್ಲಿ ಬರೆದಿಡುತ್ತಾನೆ. ವಾದಕನು ಅದನ್ನು ಓದಿ ನುಡಿಸಬೇಕು. ನಮ್ಮ ಕಚೇರಿಗಳಲ್ಲಿ ಮನೋಧರ್ಮಕ್ಕೆ ಇರುವಷ್ಟು ಎಡೆ ಅಲ್ಲಿಲ್ಲ. ಹೀಗಿರಲು, ಕೈಚಳಕವೇ ಕಲೆಯೆಂಬ ಭ್ರಾಂತಿಗೆ ವಾದಕನೂ ಶ್ರೋತೃಗಳೂ ಒಳಗಾಗುವುದು ಸುಲಭ. ಆ ಭ್ರಾಂತಿಯನ್ನು ತೊರೆದವರಲ್ಲಿ ರಷ್ಯಾ ದೇಶದ ನಿಕೊಲಾಯ್ ಮೆಟ್ನರನು ಒಬ್ಬನು.

ಮೆಟ್ನರನು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಸಫೋನೋವನ ಶಿಷ್ಯನಾಗಿ ಕಲಿತು ೧೯೦೦ರಲ್ಲಿ ಚಿನ್ನದ ಪದಕವನ್ನು ಪಡೆದನು. ಊರೂರು ಸುತ್ತಿ ಕಚೇರಿ ಮಾಡಿದ್ದರೆ ಧನವೂ ಕೀರ್ತಿಯೂ ಕೈಗೂಡುತ್ತಿದ್ದವು. ಆದರೆ ಅವನು ಕೃತಿರಚನೆಗೆ ತನ್ನನ್ನು ಅರ್ಪಿಸಿಕೊಂಡನು. ಹದಿನಾಲ್ಕು ಪಿಯಾನೊ ಸೊನಾಟಗಳು, ಮೂರು ಕಾನ್ಸರ್ಟೊಗಳು, 'ಕಥೆಗಳು' ಎಂಬ ಹೆಸರಿನ ಕಿರುಕೃತಿಗಳು, ನೂರಕ್ಕೆ ಮೇಲ್ಪಟ್ಟ ಹಾಡುಗಳು ಅವನಿಂದ ರಚಿತವಾದುವು. ೧೯೨೧ರಲ್ಲಿ ಸ್ವದೇಶವನ್ನು ತ್ಯಜಿಸಿ, ಜರ್ಮನಿ, ಫ್ರಾನ್ಸುಗಳಲ್ಲಿದ್ದು, ಕಡೆಗೆ ಇಂಗ್ಲೆಂಡಿನಲ್ಲಿ ನೆಲೆಸಿದನು. ಅವನ ಮಿತ್ರನಾದ ರಖ್ಮಾನಿನೋವನು ತನ್ನ ನಾಲ್ಕನೆಯ ಕಾನ್ಸರ್ಟೊವನ್ನು ಅವನಿಗೆ ಅರ್ಪಿಸಿದನು. ಮೆಟ್ನರನು ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದನು.

ಈ ಕೃತಿಗಳ ಗುಣವೇನು? ಮೆಟ್ನರನ ರಚನೆಯು ನಾರಿಕೇಳಪಾಕದ್ದು. ಒಂದು ಚಿಕ್ಕ ಸ್ವರಗುಚ್ಛವನ್ನು ಬೀಜವಾಗಿಟ್ಟು, ಅದರಿಂದಲೇ ಇಡೀ ವೃಕ್ಷವನ್ನು ಬೆಳೆಯಿಸುವನು. ಹಲವು ಸ್ವರಪಂಕ್ತಿಗಳು ಏಕಕಾಲದಲ್ಲಿ ಒಂದರೊಡನೊಂದು ಹೆಣೆದುಕೊಂಡು ಸಾಗುತ್ತವೆ. ಮೊದಲ ಶ್ರವಣಕ್ಕೆ ಚಿಪ್ಪು ಮಾತ್ರ ತಾಗುವುದು. ಪುನಃ ಪುನಃ ಕೇಳಿದವನಿಗೆ ತಿರುಳು ದೊರೆಯುವುದು. ಇದು ಗುಣವೂ ಹೌದು, ದೋಷವೂ ಹೌದು. ಕೆಲವೆಡೆ ಹೆಣಿಗೆಯು ಅತಿದಟ್ಟವಾಗಿ, ರಾಗಭಾವವು ಉಸಿರಾಡಲು ಎಡೆಯಿಲ್ಲದಂತಾಗಿರುವುದನ್ನು ಅಭಿಮಾನಿಗಳೂ ಒಪ್ಪಬೇಕು. ಅವನೇ ನುಡಿಸುವಾಗ ಈ ತೊಡಕು ಬಹುಮಟ್ಟಿಗೆ ಪರಿಹಾರವಾಗುವುದು. ಪ್ರತಿಯೊಂದು ಪಂಕ್ತಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಆಡಂಬರವಿಲ್ಲ.

ಅವನ ಮತವನ್ನು ೧೯೩೫ರಲ್ಲಿ ಪ್ರಕಟವಾದ 'ಕಲಾದೇವಿಯೂ ಫ್ಯಾಷನ್ನೂ' ಎಂಬ ಅರ್ಥದ ಹೆಸರುಳ್ಳ ಗ್ರಂಥದಲ್ಲಿ ಕಾಣಬಹುದು. ಸಂಗೀತಕ್ಕೆ ಭಾಷೆಗಿರುವಂತೆ ಶಾಶ್ವತವಾದ ನಿಯಮಗಳುಂಟು. ನವೀನರು ಅವನ್ನು ಮುರಿದು ಅರ್ಥಹೀನತೆಗೆ ಇಳಿದರು ಎಂಬುದು ಅದರ ಸಾರ. ಸಂಪ್ರದಾಯನಿಷ್ಠರಿಗೆ ಈ ಮಾತು ಪ್ರಿಯವಾಗಬಹುದು. ಆದರೆ ಪ್ರಿಯವಾದುದೆಲ್ಲವೂ ಪ್ರಮಾಣವಲ್ಲ. ಪಾಣಿನಿಯ ಸೂತ್ರಗಳ ತರುವಾಯವೂ ಕಾತ್ಯಾಯನನು ವಾರ್ತಿಕಗಳನ್ನು ಬರೆಯಬೇಕಾಯಿತು. ಪತಂಜಲಿಯು ಎರಡನ್ನೂ ವಿಚಾರಿಸಿದನು. ಲಕ್ಷ್ಯವು ಬೆಳೆದಂತೆ ಲಕ್ಷಣವೂ ಬೆಳೆಯತಕ್ಕುದೆಂಬುದೇ ನಮ್ಮ ಶಾಸ್ತ್ರಪರಂಪರೆ. ನಿಯಮವುಂಟೆಂದ ಮೆಟ್ನರನು ಸರಿ. ಅದು ತನ್ನ ಕಾಲಕ್ಕೆ ಪೂರ್ಣವಾಯಿತೆಂದು ಭಾವಿಸಿದ ಮೆಟ್ನರನು ಸರಿಯಲ್ಲ. ಆದರೂ ಲೋಕವು ಬೇರೆ ದಾರಿ ಹಿಡಿದಾಗ, ಬಡತನವನ್ನು ಸಹಿಸಿಕೊಂಡು ತಾನು ನಂಬಿದುದನ್ನೇ ಬರೆದ ಅವನ ನಿಷ್ಠೆಯು ವಾದಕ್ಕೆ ಮೀರಿದುದು.

೧೯೩೯ರ ಯುದ್ಧದಿಂದ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವು ನಿಂತುಹೋಯಿತು, ಹೃದ್ರೋಗವೂ ಕಾಡಿತು. ಯುದ್ಧಾನಂತರ, ಯಾರೂ ನಿರೀಕ್ಷಿಸದ ದಿಕ್ಕಿನಿಂದ ನೆರವು ಬಂದಿತು. ೧೯೪೦ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೈಸೂರು ಸಿಂಹಾಸನವನ್ನೇರಿದ ಶ್ರೀ ಜಯಚಾಮರಾಜ ಒಡೆಯರವರು ಸ್ವತಃ ಪಿಯಾನೊ ವಿದ್ಯೆಯನ್ನು ಬಲ್ಲವರು. ಅವರು ಲಂಡನ್ನಿನಲ್ಲಿ ಮೆಟ್ನರ್ ಸಂಘವನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಗ್ರಾಮೊಫೋನ್ ತಟ್ಟೆಗಳಲ್ಲಿ ಮುದ್ರಿಸಲು ದ್ರವ್ಯವನ್ನೊದಗಿಸಿದರು. ಮೂರು ಕಾನ್ಸರ್ಟೊಗಳೂ ಹಾಗೆ ಉಳಿದುವು. ಮೂರನೆಯದು ಮಹಾರಾಜರಿಗೇ ಅರ್ಪಿತವಾಯಿತು. ೧೯೫೧ರ ನವೆಂಬರಿನಲ್ಲಿ ಮೆಟ್ನರನು ತೀರಿಕೊಂಡನು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ವಾದನವು ಅವನೊಡನೆಯೇ ಅಳಿದುಹೋಗುತ್ತಿದ್ದಿತು.

ಇದನ್ನು ರಾಜನ ಔದಾರ್ಯವೆಂದಷ್ಟೇ ಹೊಗಳುವುದು ಸಾಲದು. ಧನವಂತರು ಅನೇಕರಿದ್ದರು, ಆ ಚಿಪ್ಪಿನೊಳಗೆ ತಿರುಳಿದೆಯೆಂದು ತಿಳಿದವರು ವಿರಳ. 'ಶ್ರೀವಿದ್ಯಾ' ಮುದ್ರೆಯಲ್ಲಿ ಕರ್ನಾಟಕ ಸಂಗೀತದ ೯೪ ಕೃತಿಗಳನ್ನು ರಚಿಸಿದವರು ದೂರದೇಶದ, ಅನ್ಯಪದ್ಧತಿಯ ಕಲೆಗೆ ಕಿವಿಗೊಟ್ಟರೆಂಬುದೇ ಇಲ್ಲಿನ ವಿಶೇಷ. ಸ್ವಸಂಪ್ರದಾಯದಲ್ಲಿ ಆಳವಾಗಿ ಬೇರೂರಿದವನು ಪರಸಂಪ್ರದಾಯವನ್ನು ಕಂಡು ಅಂಜಬೇಕಾಗಿಲ್ಲ.

ಈಗ ರಾಜಾಶ್ರಯದ ಕಾಲವು ಕಳೆದಿದೆ. ಮೈಸೂರಿನ ಹೆಸರು ಆ ಕೃತಿಯ ಅರ್ಪಣೆಯಲ್ಲಿದೆಯೆಂದು ಹೆಮ್ಮೆಪಡುವ ಕನ್ನಡಿಗರು ಅದನ್ನು ಒಂದು ಸಲವಾದರೂ ಕೇಳಬೇಡವೇ? ಮೊದಲ ಸಲ ರುಚಿಸದಿದ್ದರೆ ಎರಡನೆಯ ಸಲ ಕೇಳಲಿ. ಅದಕ್ಕೆ ಬೊಕ್ಕಸ ಬೇಕಾಗಿಲ್ಲ, ತಾಳ್ಮೆ ಬೇಕು.