ಬೀರುವಿನ ಟೇಪು, ಕಂಪ್ಯೂಟರಿನ ಕತ್ತರಿ

ಅರಸೀಕೆರೆಯಲ್ಲಿರುವ ನಮ್ಮ ಖಾಲಾ ಮನೆಯ ಬೀರುವಿನಲ್ಲಿ ಹದಿನಾಲ್ಕು ವೀಡಿಯೊ ಕ್ಯಾಸೆಟ್‌ಗಳಿದ್ದವು. ಒಡವೆಯ ಡಬ್ಬಿ, ತೋಟದ ಪತ್ರಗಳು ಇರುವ ಖಾನೆಯಲ್ಲೇ ಅವಕ್ಕೂ ಜಾಗ. ಹಾಕಿ ನೋಡಲು ಮನೆಯಲ್ಲಿ ವಿಸಿಆರ್ ಇಲ್ಲದೆ ಎಷ್ಟೋ ವರ್ಷಗಳಾಗಿದ್ದರೂ ಬೀರುವಿಗೆ ಬೀಗ ಹಾಕುವುದು ತಪ್ಪಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಖಾಲಾರ ಮಗ ಒಂದು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ನೋಡಿದ. ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಗಾಬರಿಬಿದ್ದು, ಚೆನ್ನಾಗಿದ್ದವುಗಳಲ್ಲಿ ಎರಡನ್ನು ಕಂಪ್ಯೂಟರಿಗೆ ಇಳಿಸಿಕೊಡಲು ಒಂದು ಸ್ಟುಡಿಯೊಗೆ ಕೊಟ್ಟು ಬಂದ.

ವಾರದ ನಂತರ ಪೆನ್‌ಡ್ರೈವ್ ಬಂತು. ಮೂರು ಗಂಟೆಯ ನಿಕಾಹ್ ಟೇಪು ಇಪ್ಪತ್ತೆರಡು ನಿಮಿಷವಾಗಿತ್ತು. ಬಣ್ಣ ಹೊಳೆಯುತ್ತಿತ್ತು. ಮೂಲದ ಧ್ವನಿಯ ಜಾಗದಲ್ಲಿ ಮೊದಲಿನಿಂದ ಕೊನೆಯವರೆಗೆ ಈಗಿನ ಸಿನಿಮಾ ಸಂಗೀತ. ಮಕ್ಕಳು ಚಪ್ಪಾಳೆ ತಟ್ಟಿದರು. ಖಾಲಾ ಮಾತ್ರ, “ಅಮ್ಮಿ ಎಲ್ಲಿ?” ಎಂದು ಕೇಳಿದರು. ಅಡುಗೆಮನೆಯ ಗೋಡೆಗೆ ಒರಗಿ ಕುಳಿತು ನಮ್ಮ ನಾನಿ ಕ್ಯಾಮೆರಾದೊಂದಿಗೆ ಮಾತಾಡಿದ ನಾಲ್ಕು ನಿಮಿಷ ಆ ಟೇಪಿನಲ್ಲಿತ್ತು. ವಿಚಾರಿಸಿದರೆ ಸ್ಟುಡಿಯೊದವರ ಉತ್ತರ ಸರಳವಾಗಿತ್ತು: ಅಲ್ಲಿ ಬೆಳಕಿರಲಿಲ್ಲ, ಕ್ಯಾಮೆರಾ ಅಲುಗಾಡಿತ್ತು, ತೆಗೆದುಬಿಟ್ಟೆವು.

ನಾವು ‘ಕನ್ವರ್ಷನ್’ ಎಂದು ಹಗುರವಾಗಿ ಕರೆಯುವ ಈ ಕೆಲಸ ನಿಜದಲ್ಲಿ ಸಂಪಾದನೆಯ ಕೆಲಸ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಒಬ್ಬರು ತೀರ್ಮಾನಿಸುತ್ತಾರೆ. ಹಳೆಯ ಓಲೆಗರಿಯನ್ನು ಪ್ರತಿ ಮಾಡುವವನು ತನಗೆ ಅರ್ಥವಾಗದ ಸಾಲುಗಳನ್ನು ಬಿಟ್ಟುಬಿಟ್ಟರೆ ನಮ್ಮ ವಿದ್ವಾಂಸರು ಸುಮ್ಮನಿರುತ್ತಾರೆಯೇ? ಮನೆಯ ಟೇಪಿನ ವಿಷಯದಲ್ಲಿ ಅಂತಹ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ಅದನ್ನು ಒಂದು ಕೃತಿ ಎಂದು ನಾವು ಒಪ್ಪಿಕೊಂಡೇ ಇಲ್ಲ.

ಆದರೆ ಅದು ಕೃತಿಯೇ. ಜಪಾನಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದ ವಿಎಚ್‌ಎಸ್ ಕ್ಯಾಸೆಟ್ ನಮ್ಮ ಊರುಗಳನ್ನು ತಲುಪಿದ್ದು 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಂದ ಬಣ್ಣದ ಟಿವಿಯ ಬೆನ್ನಿಗೆ. ಮುಸ್ಲಿಂ ಮನೆಗಳಿಗೆ ಅದು ಬಂದ ಇನ್ನೊಂದು ದಾರಿ ಗಲ್ಫ್. ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟೇಪ್‌ರೆಕಾರ್ಡರಿನ ನಂತರ ವಿಸಿಆರ್, ವಿಸಿಆರಿನ ನಂತರ ಕ್ಯಾಮೆರಾ ಬಂತು. ಹೊಸ ವಸ್ತು ಕಾಗದದ ಕೆಲಸವನ್ನೂ ಮಾಡತೊಡಗಿತು. ನಾನಿ ಮಾತಾಡಿದ ಟೇಪು 1993ರದ್ದು. ದಮ್ಮಾಮಿನಲ್ಲಿದ್ದ ಮಾಮಾಗೆ ತಂಗಿಯ ಮದುವೆಗೆ ರಜೆ ಸಿಕ್ಕಿರಲಿಲ್ಲ. ಅವರಿಗೆ ಕಳಿಸಲೆಂದೇ ಅದನ್ನು ತೆಗೆಸಿದ್ದು. ಆದ್ದರಿಂದ ಎಲ್ಲರೂ ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ, ಸಲಾಂ ಹೇಳುತ್ತಾರೆ, ಊಟದ ಎಲೆ ತೋರಿಸುತ್ತಾರೆ. ಒಬ್ಬ ಹುಡುಗ ಬಿರಿಯಾನಿ ದೇಗ್ಚಿಯ ಮುಚ್ಚಳ ತೆಗೆದು ಹಬೆ ತೋರಿಸುತ್ತಾನೆ, ಮಾಮಾಗೆ ಅದರ ವಾಸನೆಯೂ ಹೋಗಿ ಮುಟ್ಟಲಿ ಎನ್ನುವಂತೆ. ಇಡೀ ಮದುವೆ ಅಲ್ಲಿಲ್ಲದ ಒಬ್ಬನ ಕಡೆ ಮುಖ ಮಾಡಿ ನಡೆದಿದೆ. ಇದು ಗೊತ್ತಿಲ್ಲದೆ ನೋಡುವವರಿಗೆ ಆ ಭಾಗಗಳೆಲ್ಲ ‘ಬೋರು’. ಇಪ್ಪತ್ತೆರಡು ನಿಮಿಷದಲ್ಲಿ ಉಳಿದಿರುವುದು ವೇದಿಕೆ, ಹೂವಿನ ಸೆಹರಾ, ಉಡುಗೊರೆ, ಗುಂಪು ಫೋಟೊ. ಅಂದರೆ ಯಾವ ಮದುವೆಯಲ್ಲೂ ಇರುವಂಥದ್ದು. ಆ ಮನೆಯಲ್ಲಿ ಮಾತ್ರ ಇದ್ದದ್ದು ಹೋಗಿದೆ.

ಟೇಪಿನ ಆರಂಭದಲ್ಲಿ ತಿರುಗುವ ಹೃದಯಗಳ ನಡುವೆ ಆಗಿನ ವೀಡಿಯೊಗ್ರಾಫರನ ಹೆಸರಿತ್ತು. ಅದನ್ನೂ ಅಳಿಸಿ ಹೊಸ ಸ್ಟುಡಿಯೊದ ಹೆಸರು ಹಾಕಲಾಗಿದೆ. ಬೇಲೂರಿನ ಕಲ್ಲಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಕೆತ್ತಿಕೊಂಡ ತಮ್ಮ ಹೆಸರುಗಳು ಒಂಬೈನೂರು ವರ್ಷ ಉಳಿದಿವೆ. ನಮ್ಮ ವೀಡಿಯೊಗ್ರಾಫರನ ಹೆಸರು ಮೂವತ್ತು ವರ್ಷ ಉಳಿಯಿತು!

ಎರಡನೆಯ ಟೇಪಿನದು ಇನ್ನೂ ಗಂಭೀರವಾದ ಮಾತು. ಅದು ವಲೀಮಾದ ಟೇಪು. ಕೊನೆಯಲ್ಲಿ ಉಳಿದ ಜಾಗದಲ್ಲಿ ಯಾರೋ ಬೇಲೂರಿನ ತೇರನ್ನು ಚಿತ್ರೀಕರಿಸಿದ್ದಾರೆ. ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿಯವರು ಕುರ್‌ಆನ್ ವಚನಗಳನ್ನು ಪಠಿಸುವ ವಾಡಿಕೆ ಹಿಂದಿನಿಂದ ಬಂದದ್ದು. 2022ರಲ್ಲಿ ಇದಕ್ಕೆ ಆಕ್ಷೇಪಗಳೆದ್ದಾಗ ವಾಡಿಕೆಯಂತೆ ನಡೆಸಲು ಮುಜರಾಯಿ ಇಲಾಖೆ ಅನುಮತಿ ಕೊಟ್ಟಿತು. 2023ರಲ್ಲಿ ಮತ್ತೆ ಪ್ರತಿಭಟನೆಗಳಾದವು. ನಮ್ಮ ಟೇಪಿನಲ್ಲಿ ಆ ಪಠಣ ಒಂದು ನಿಮಿಷವೂ ಇಲ್ಲ. ದೂರದಿಂದ ಧ್ವನಿ ಕೇಳುತ್ತದೆ, ಜನ ನಿಂತಿದ್ದಾರೆ, ಯಾರೋ ಕಡಲೆಪುರಿ ತಿನ್ನುತ್ತಿದ್ದಾರೆ. ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬಲೂನು ಹಿಡಿದ ಮಗುವಿನ ಕಡೆ ಹೋಗುತ್ತದೆ. ಒಂದು ಟೇಪು ಇತಿಹಾಸವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಕ್ಯಾಮೆರಾ ಅಲ್ಲಿ ನಿಲ್ಲಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಹಿಡಿದವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅದು ಸುದ್ದಿಯಾಗಿರಲಿಲ್ಲ. ಪೆನ್‌ಡ್ರೈವಿನಲ್ಲಿ ಈ ಭಾಗವೇ ಇಲ್ಲ. ಅದು ಮದುವೆಗೆ ಸಂಬಂಧಪಟ್ಟದ್ದಲ್ಲವಂತೆ. ಇದ್ದಿದ್ದರೂ, ಹಿನ್ನೆಲೆಯ ಗದ್ದಲ ತೆಗೆಯುವ ತಂತ್ರಾಂಶ ಆ ದೂರದ ಧ್ವನಿಯನ್ನೂ ಗದ್ದಲವೆಂದೇ ಎಣಿಸುತ್ತಿತ್ತೇನೋ.

ಟೇಪುಗಳು ಇನ್ನೂ ಕೈಯಲ್ಲಿದ್ದುದರಿಂದ ನಾವೇ ಮತ್ತೊಮ್ಮೆ ಇಳಿಸಲು ಕುಳಿತೆವು. ಹಳೆಯ ವಿಸಿಆರ್ ಒಂದನ್ನು ಹುಡುಕಿ ರಿಪೇರಿ ಮಾಡಿಸಬೇಕಾಯಿತು. ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿದೆ. ವಿಸಿಆರಿನ ಹಳದಿ, ಬಿಳಿ, ಕೆಂಪು ವೈರುಗಳನ್ನು ಒಂದು ಚಿಕ್ಕ ಯುಎಸ್‌ಬಿ ಸಾಧನಕ್ಕೆ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಕೆಲಸ ಶುರು. ಇದರಲ್ಲಿ ಆತುರ ನಡೆಯುವುದಿಲ್ಲ, ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಸ್ಟುಡಿಯೊದವರು ಕತ್ತರಿಸುವುದಕ್ಕೆ ಇದೂ ಒಂದು ಕಾರಣವಿರಬಹುದು, ಕುಳಿತು ನೋಡುವ ಪುರುಸೊತ್ತು ಅವರಿಗೆಲ್ಲಿ? ಕತ್ತರಿಸದ ಕಡತವನ್ನು ಮೊದಲು ಉಳಿಸಿಕೊಂಡು, ಬೇಕಿದ್ದರೆ ಆಮೇಲೆ ಅದರ ಪ್ರತಿಯಿಂದ ಚಿಕ್ಕದು ಮಾಡಿಕೊಳ್ಳಬಹುದು. ಬೂಷ್ಟು ಹಿಡಿದ ಟೇಪನ್ನು ಮಾತ್ರ ಹಾಗೇ ಓಡಿಸಬಾರದು. ಬೂಷ್ಟು ಯಂತ್ರದ ಹೆಡ್ಡಿಗೂ, ಅಲ್ಲಿಂದ ಮುಂದಿನ ಟೇಪಿಗೂ ಹತ್ತುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, ಮ್ಯಾಗ್ನೆಟಿಕ್ ಟೇಪುಗಳನ್ನು 2025ರೊಳಗೆ ಇಳಿಸಿಕೊಳ್ಳದಿದ್ದರೆ ಬಹುಪಾಲು ಕೈತಪ್ಪುತ್ತವೆ ಎಂದು ಎಚ್ಚರಿಸಿತ್ತು. ಅಲ್ಲಿ ತಂಪು ಕೋಣೆಗಳಿವೆ. ನಮ್ಮಲ್ಲಿರುವುದು ಬೀರು.

ಈಗ ಹೊಸದೊಂದು ಆಸೆ ಹುಟ್ಟಿದೆ. ಹಳೆಯ ಮಸುಕು ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ‘4ಕೆ’ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಖಾಲಾರ ಮಗ ಒಂದು ತುಣುಕನ್ನು ಹಾಗೆ ಮಾಡಿಸಿ ತೋರಿಸಿದ. ಮದುವೆಯ ಮರುದಿನ ನೆಂಟರೆಲ್ಲ ಹಳೇಬೀಡಿಗೆ ಹೋದ ದೃಶ್ಯ ಅದು. ವಿಎಚ್‌ಎಸ್ಸಿನಲ್ಲಿ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ನಿಲ್ಲುತ್ತದೆ. ಹೊಯ್ಸಳೇಶ್ವರನ ಗೋಡೆಯ ಆನೆಸಾಲು ಅದರಲ್ಲಿ ಬರೀ ಬೂದುಬಣ್ಣದ ಪಟ್ಟಿ. ಹೊಸ ತುಣುಕಿನಲ್ಲಿ ಆನೆಗಳು ಚೂಪಾಗಿ ಮೂಡಿವೆ, ಆದರೆ ಹಳೇಬೀಡಿನ ಆನೆಗಳು ಅವಲ್ಲ, ಯಂತ್ರ ಊಹಿಸಿದ ಆನೆಗಳು. ಅವುಗಳ ಮುಂದೆ ನಿಂತ ನಾನಿಯ ಮುಖವೂ ಹಾಗೆಯೇ. ಸುಕ್ಕುಗಳು ನುಣುಪಾಗಿವೆ, ಕಣ್ಣು ಬೇರೆ ಯಾರದ್ದೋ. ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯ ಧೋರಣೆ, ಹಾಳಾದ ಶಿಲ್ಪವನ್ನು ಊಹಿಸಿ ಹೊಸದಾಗಿ ಕೆತ್ತಬಾರದು ಎಂಬುದು. ಮೂಗು ಒಡೆದ ವಿಗ್ರಹಕ್ಕೆ ಹೊಸ ಮೂಗು ಅಂಟಿಸಲು ಒಪ್ಪದ ನಾವು ನಮ್ಮ ಅಜ್ಜಿಯರ ಮುಖಕ್ಕೆ ಯಾಕೆ ಒಪ್ಪುತ್ತೇವೆ?

ಇನ್ನೊಂದು ಸಂಗತಿಯನ್ನು ನಮ್ಮ ಮನೆಗಳಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಬೇಕಿದೆ. ವೀಡಿಯೊ ತೆಗೆಸುವುದು ಸರಿಯೇ ಎಂಬ ವಾದ ಆಗ ಎಷ್ಟೋ ಮನೆಗಳಲ್ಲಿ ನಡೆದಿತ್ತು. ಕೊನೆಗೆ ಒಪ್ಪಿದ ಹೆಂಗಸರು ಒಂದು ನಂಬಿಕೆಯ ಮೇಲೆ ಒಪ್ಪಿದ್ದರು: ಟೇಪು ಬೀರುವಿನಲ್ಲಿರುತ್ತದೆ, ನೋಡುವವರು ನಮ್ಮವರೇ. ಹಲ್ದಿಯ ದಿನ ಒಳಕೋಣೆಯಲ್ಲಿ ಅವರು ನಗುತ್ತಾ ಹಾಡಿದ್ದು ಆ ನಂಬಿಕೆಯಿಂದ. ಆ ಟೇಪನ್ನು ಇಳಿಸಲು ಕೊಟ್ಟರೆ ಅಪರಿಚಿತ ಹುಡುಗನೊಬ್ಬ ಅದನ್ನು ನೋಡುತ್ತಾನೆ, ಅದರ ಪ್ರತಿ ಅವನ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಮನೆಗೆ ಬಂದ ಕಡತ ಸಂಜೆಯೊಳಗೆ ವಾಟ್ಸ್ಆ್ಯಪಿನ ಮೂರು ಗುಂಪುಗಳಿಗೆ ಹೋಗುತ್ತದೆ. ಒಪ್ಪಿದವರಲ್ಲಿ ಕೆಲವರು ಇಂದು ಇಲ್ಲ, ಅವರನ್ನು ಮತ್ತೆ ಕೇಳುವಂತಿಲ್ಲ. ಹಾಗೆಂದು ಟೇಪನ್ನು ಕೊಳೆಯಲು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಹೆಣ್ಣುಮಕ್ಕಳೇ ಇದನ್ನು ಕಲಿತು ಮನೆಯಲ್ಲೇ ಇಳಿಸಬಹುದು. ಖಾಲಾರ ಸೊಸೆ ಎರಡು ದಿನದಲ್ಲಿ ಕಲಿತರು. ಹಲ್ದಿಯ ಟೇಪನ್ನು ಇಳಿಸಿದ್ದು ಅವರೇ, ನಮಗೆ ತೋರಿಸಿಲ್ಲ. ಕೇಳಲು ನಾವೂ ಹೋಗಿಲ್ಲ.

ನಾನಿಯ ನಾಲ್ಕು ನಿಮಿಷವನ್ನು ಮೊನ್ನೆ ಪೂರ್ತಿ ನೋಡಿದೆವು. ಅರ್ಧ ದಖನಿ, ಅರ್ಧ ಹಾಸನದ ಕನ್ನಡ. “ಖಾನಾ ಖಾಯಾ ಕ್ಯಾ ರೇ?” ಎಂದು ಶುರು. ಕೊಬ್ಬರಿಯ ರೇಟು ಬಿದ್ದಿದೆ, ತೋಟದ ಬಾವಿ ಬತ್ತಿದೆ, ನಿನ್ನ ತಂಗಿಗೆ ನೀನು ಕಳಿಸಿದ ಸೀರೆ ಬಂದಿಲ್ಲ ಆದರೆ ಬಂತೆಂದು ಅವಳಿಗೆ ಹೇಳಿದ್ದೇನೆ. ಖಾಲಾಗೆ ಈ ಸೀರೆಯ ವಿಷಯ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಟೇಪನ್ನು ಹಿಂದಕ್ಕೆ ಓಡಿಸಲು ಹೇಳಿದರು, ಮತ್ತೆ ಕೇಳಿದರು. ಹದಿನಾಲ್ಕರಲ್ಲಿ ಒಂಬತ್ತು ಇಳಿದಿವೆ. ಬೂಷ್ಟು ಹಿಡಿದ ಐದನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇವೆ, ಅವನ್ನು ಶುಚಿ ಮಾಡಬಲ್ಲವರು ಸಿಗಬೇಕು.