ಅಂಚಿನಲ್ಲಿ ನಿಂತವರ ಪರಂಪರೆ

ಬಾರ್ಸಿಲೋನಾದ ಫುಟ್‌ಬಾಲ್ ಬಗ್ಗೆ ಬರೆಯುವವರೆಲ್ಲ ಮೈದಾನದ ನಡುವಿನಿಂದಲೇ ಶುರು ಮಾಡುತ್ತಾರೆ. ಗ್ವಾರ್ಡಿಯೋಲಾ, ಚಾವಿ, ಇನಿಯೆಸ್ತಾ, ಬುಸ್ಕೆಟ್ಸ್ ಎಂದು ವಂಶಾವಳಿ ನಡುವೃತ್ತದ ಸುತ್ತಲೇ ಸುತ್ತುತ್ತದೆ, ಅದರ ಮೂಲಪುರುಷನಾಗಿ ಯೋಹಾನ್ ಕ್ರೈಫ್ ಕೂತಿರುತ್ತಾರೆ. ಈ ಕಥೆ ಎಷ್ಟು ಸಲ ಹೇಳಿ ಹಳತಾಗಿದೆಯೆಂದರೆ, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳುವುದನ್ನೇ ಮರೆತಿದ್ದೇವೆ. ಬಿಟ್ಟುಹೋದವರು ಸುಣ್ಣದ ಗೆರೆಗೆ ಅಂಟಿಕೊಂಡು ನಿಂತವರು, ವಿಂಗರ್‌ಗಳು. ಅವರಲ್ಲಿ ಮೊದಲು ಹೇಳಬೇಕಾದ ಹೆಸರು ಕಾರ್ಲೆಸ್ ರೆಶಾಕ್, ಕ್ಯಾಂಪ್ ನೌನವರ ಬಾಯಲ್ಲಿ ಚಾರ್ಲಿ.

ರೆಶಾಕ್ ಹುಟ್ಟಿದ್ದು 1947ರ ಜನವರಿಯಲ್ಲಿ, ಅದೇ ಊರಿನಲ್ಲಿ. ಬಾರ್ಸಾದ ಹಿರಿಯರ ತಂಡ ಸೇರಿದ ಮೇಲೆ 1981ರಲ್ಲಿ ಆಟ ನಿಲ್ಲಿಸುವವರೆಗೂ ಬೇರೆ ಕ್ಲಬ್ಬಿನ ಕಡೆ ತಿರುಗಿ ನೋಡಲಿಲ್ಲ. ಬಲ ಅಂಚಿನ ಆಟಗಾರ. ಕಾಲು ನಯ, ಕಾರ್ನರ್ ಒದೆತ ಹರಿತ, ಮೈ ಮಾತ್ರ ಸೋಮಾರಿ ಎಂಬುದು ಪ್ರೇಕ್ಷಕರ ದೂರು. ಡಿಫೆಂಡರ್ ಮೈಮೇಲೆ ಬಂದರೆ ಕಾಲು ಹಿಂದೆಗೆಯುತ್ತಾನೆ ಎಂದು ಅವರ ತವರು ಜನವೇ ಕೂಗುತ್ತಿತ್ತು. ಓಡುವುದು ಹೇಡಿಗಳ ಕೆಲಸ ಎಂಬ ಅರ್ಥದ ಮಾತೊಂದು ಅವರದೆಂದು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಇದೇ ಸೋಮಾರಿ 1970–71ರ ಲೀಗಿನಲ್ಲಿ 17 ಗೋಲು ಹೊಡೆದು, ಅತ್ಲೆಟಿಕೋ ಮ್ಯಾಡ್ರಿಡ್‌ನ ಗಾರಾತೆ ಜೊತೆ ಆ ವರ್ಷದ ಗೋಲುಗಾರರ ಪಟ್ಟಿಯ ತಲೆಯಲ್ಲಿದ್ದರು. 1974ರ ಫೆಬ್ರವರಿ 17ರಂದು ಬರ್ನಬೇವಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಐದು–ಸೊನ್ನೆಯಿಂದ ಮಣಿಸಿದ ತಂಡದಲ್ಲೂ ಇದ್ದರು. ಆ ವರ್ಷ ಬಂದ ಲೀಗ್ ಪ್ರಶಸ್ತಿ ಹದಿನಾಲ್ಕು ವರ್ಷಗಳ ಬರದ ನಂತರದ್ದು. 1979ರಲ್ಲಿ ಬಾಸೆಲ್‌ನಲ್ಲಿ ಫೋರ್ತುನಾ ಡ್ಯುಸೆಲ್ಡಾರ್ಫ್ ಎದುರು 4–3ರಿಂದ ಗೆದ್ದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಅವರದೂ ಒಂದು ಗೋಲು.

ಸೋಮಾರಿ ಎಂಬ ಆ ದೂರನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅದು ಒಬ್ಬ ಆಟಗಾರನ ಮೇಲಿನ ದೂರಿಗಿಂತ ಆ ಜಾಗದ ಮೇಲಿನ ದೂರಾಗಿತ್ತು. ಡಚ್ ಕೋಚ್ ರಿನಸ್ ಮಿಕೆಲ್ಸ್ 1971ರಲ್ಲಿ ಬಂದು ಬಿತ್ತಿದ್ದನ್ನು ಕ್ರೈಫ್ 1988ರಲ್ಲಿ ಕೋಚ್ ಆಗಿ ಬೆಳೆಸಿದರು. ಆ ಆಟದಲ್ಲಿ ವಿಂಗರ್‌ನ ಮೊದಲ ಕರ್ತವ್ಯ ನಿಲ್ಲುವುದು. ಮೂವರು ಹಿಂದೆ, ನಾಲ್ವರು ನಡುವೆ, ಮೂವರು ಮುಂದೆ. ಮುಂದಿನ ಮೂವರಲ್ಲಿ ಇಬ್ಬರು ಗೆರೆಯ ಮೇಲೆಯೇ ಇರಬೇಕು. ಚಪ್ಪರದ ಮೂಲೆಯ ಗೂಟ ಅಲುಗಿದರೆ ನಡುವೆ ಬಟ್ಟೆ ಜೋತು ಬೀಳುವಂತೆ, ವಿಂಗರ್ ಒಳಗೆ ಸರಿದರೆ ಎದುರಾಳಿಯ ಹಿಂಬದಿಯ ಸಾಲು ಕುಗ್ಗಿ ನಡುವಿನ ಜಾಗ ಮುಚ್ಚಿಹೋಗುತ್ತದೆ. ಅವನು ಅಲ್ಲೇ ನಿಂತರೆ ಒಬ್ಬ ಡಿಫೆಂಡರ್, ಕೆಲವೊಮ್ಮೆ ಇಬ್ಬರು, ಅವನನ್ನು ಕಾಯುತ್ತಾ ನಿಲ್ಲಲೇಬೇಕು. ಚೆಂಡು ಹತ್ತು ನಿಮಿಷ ಬಾರದಿರಬಹುದು. ಬಂದಾಗ ಎದುರಿಗೆ ಒಬ್ಬನೇ ಇರುತ್ತಾನೆ, ಆಗ ತಪ್ಪಬಾರದು. ಬರಿದೇ ನಿಂತಂತೆ ಕಾಣುವ ಈ ಕೆಲಸಕ್ಕೆ ಬೆವರು ಕಡಿಮೆ, ತಾಳ್ಮೆ ಹೆಚ್ಚು ಬೇಕು. ಮೇಲಿನ ಸಾಲುಗಳಲ್ಲಿ ಕೂತ ಪ್ರೇಕ್ಷಕನಿಗೆ ಬೆವರು ಕಾಣುತ್ತದೆ, ತಾಳ್ಮೆ ಕಾಣುವುದಿಲ್ಲ.

ಬಾರ್ಸಾದ ಈ ಆಟದ ಶಾಲೆಯ ಯಶಸ್ಸನ್ನೆಲ್ಲ ಡಚ್ಚರ ಖಾತೆಗೆ ಬರೆಯುವ ರೂಢಿಯೂ ನನಗೆ ಸರಿಕಾಣದು. 1972ರಿಂದಲೇ ಲೌರಿಯಾನೋ ರೂಯಿಸ್ ಕ್ಲಬ್ಬಿನ ಹುಡುಗರಿಗೆ ವೃತ್ತದಲ್ಲಿ ನಿಲ್ಲಿಸಿ ಒಂದೊಂದೇ ಒದೆತದ ಪಾಸ್ ಕಲಿಸುತ್ತಿದ್ದರು. ಕುಳ್ಳ ಹುಡುಗರನ್ನು ಕರೆತರಬೇಡಿ ಎಂಬರ್ಥದ ಗೋಡೆಬರಹವೊಂದನ್ನು ಅವರು ಕಿತ್ತು ಹಾಕಿದರೆಂಬ ಕಥೆ ಪ್ರಸಿದ್ಧ. ಲಾ ಮಸೀಯಾ ಎಂಬ ಹಳೆಯ ತೋಟದ ಮನೆ ಹುಡುಗರ ವಸತಿಯಾದದ್ದು 1979ರಲ್ಲಿ, ಕ್ರೈಫ್ ಕೋಚ್ ಆಗಿ ಬರುವುದಕ್ಕೆ ಒಂಬತ್ತು ವರ್ಷ ಮೊದಲು. ಕ್ರೈಫ್ ಬಂದಾಗ ಊರು ಸಿದ್ಧವಾಗಿತ್ತು. ಆ ಊರನ್ನು ಬಲ್ಲ, ಅಲ್ಲಿನ ಕತಲಾನ್ ಮಾತಿನ ಚುರುಕು ಬಲ್ಲ, ಅಧ್ಯಕ್ಷ ನೂನ್ಯೆಸ್ ಅವರ ಮುನಿಸನ್ನೂ ಬಲ್ಲ ಒಬ್ಬ ಸಹಾಯಕ ಬೇಕಿತ್ತು. ಹಳೆಯ ಜೊತೆ ಆಟಗಾರ ರೆಶಾಕ್ ಎರಡನೇ ಕುರ್ಚಿಯಲ್ಲಿ ಕೂತರು.

ಎಂಟು ವರ್ಷ ಅಲ್ಲಿಯೇ ಕೂತರು. 1991ರಿಂದ 94ರವರೆಗೆ ಸತತ ನಾಲ್ಕು ಲೀಗ್, 1992ರ ಮೇ 20ರಂದು ವೆಂಬ್ಲಿಯಲ್ಲಿ ಸಾಂಪ್‌ಡೋರಿಯಾ ಮೇಲೆ ಕೂಮನ್ ಹೊಡೆದ ಫ್ರೀಕಿಕ್‌ನಿಂದ ಕ್ಲಬ್ಬಿಗೆ ದಕ್ಕಿದ ಮೊಟ್ಟಮೊದಲ ಯುರೋಪಿಯನ್ ಕಪ್, ಎರಡು ವರ್ಷ ಬಿಟ್ಟು ಅಥೆನ್ಸ್‌ನಲ್ಲಿ ಮಿಲಾನ್ ಕೈಯಲ್ಲಿ 4–0ರ ಅವಮಾನ, ಎಲ್ಲವನ್ನೂ ಆ ಕುರ್ಚಿಯಿಂದಲೇ ಕಂಡರು. 1991ರ ಆರಂಭದಲ್ಲಿ ಕ್ರೈಫ್ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಕೆಲವು ವಾರ ತಂಡ ರೆಶಾಕ್ ಕೈಯಲ್ಲಿತ್ತು. ತಂಡ ಹಳಿ ತಪ್ಪಲಿಲ್ಲ, ಆ ವರ್ಷದ ಲೀಗೂ ಬಂತು. ಎರಡನೆಯವನಾಗಿ ನಡೆಸಬಲ್ಲವನು ಮೊದಲನೆಯವನಾಗಿಯೂ ನಡೆಸಬಲ್ಲ ಎಂದು ಎಲ್ಲರೂ ಆಗ ನಂಬಿದ್ದರೆ ಆಶ್ಚರ್ಯವಿಲ್ಲ.

1996ರ ಮೇನಲ್ಲಿ ಕ್ಲಬ್ಬು ಕ್ರೈಫ್‌ರನ್ನು ಹೊರಗಟ್ಟಿತು. ರೆಶಾಕ್ ಜೊತೆಯಲ್ಲಿ ಹೊರನಡೆಯಲಿಲ್ಲ. ಉಳಿದ ಎರಡು ಪಂದ್ಯಗಳನ್ನು ತಾವೇ ನಡೆಸಿದರು. ಕ್ರೈಫ್ ಅದನ್ನು ದ್ರೋಹವೆಂದು ತಿಳಿದರು, ಸ್ನೇಹ ಮುರಿಯಿತು. ಕ್ರೈಫ್ ಪಂಥದವರು ಇದನ್ನು ಇಂದಿಗೂ ಕ್ಷಮಿಸಿದಂತಿಲ್ಲ. ಪರಂಪರೆಯ ಕಥೆಯಲ್ಲಿ ರೆಶಾಕ್ ಹೆಸರು ಸಣ್ಣ ಅಕ್ಷರಕ್ಕಿಳಿದದ್ದಕ್ಕೆ ಆಟದ ಕಾರಣಕ್ಕಿಂತ ಈ ಜಗಳವೇ ದೊಡ್ಡ ಕಾರಣವಿರಬೇಕು. ಗುರುವಿಗೆ ನಿಷ್ಠನೋ ಮಠಕ್ಕೆ ನಿಷ್ಠನೋ ಎಂಬ ಪ್ರಶ್ನೆಗೆ ಮಠ ಎಂದವನನ್ನು ಶಿಷ್ಯರು ಮೆಚ್ಚುವುದು ಅಪರೂಪ. ನನಗಂತೂ ಅವರು ಮಾಡಿದ್ದು ದ್ರೋಹವಾಗಿ ಕಾಣುವುದಿಲ್ಲ. ಹುಟ್ಟಿದ ಊರಿನ ಕ್ಲಬ್ಬನ್ನು ಬಿಟ್ಟು ಅವರು ಹೋಗಬೇಕಿತ್ತು ಎಂದು ಕೇಳುವ ಹಕ್ಕು, ಯಾವ ಊರಲ್ಲಾದರೂ ಕೆಲಸ ಸಿಗುವ ಕ್ರೈಫ್‌ರಿಗೆ ಇರಲಿಲ್ಲ.

ಜಪಾನಿನ ಯೊಕೊಹಾಮಾ ಫ್ಲ್ಯೂಗೆಲ್ಸ್ ತಂಡದ ಜೊತೆ 1998ರಲ್ಲಿ ಸ್ವಲ್ಪ ಕಾಲ ಇದ್ದರು, ಋತುವಿನ ನಡುವೆಯೇ ಬಿಟ್ಟರು. ನಿಜವಾದ ಪರೀಕ್ಷೆ ಬಂದದ್ದು 2001ರ ಏಪ್ರಿಲ್‌ನಲ್ಲಿ, ಕೋಚ್ ಸೆರ್ರಾ ಫೆರರ್ ಅವರನ್ನು ತೆಗೆದು ಕ್ಲಬ್ಬು ಚಾರ್ಲಿಯನ್ನು ಮೊದಲ ಕುರ್ಚಿಗೆ ಕೂರಿಸಿದಾಗ. ಆ ಜೂನ್ 17ರಂದು ವೆಲೆನ್ಸಿಯಾ ವಿರುದ್ಧ ಗೆದ್ದರೆ ಮಾತ್ರ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ. ಎರಡು–ಎರಡರ ಸಮ. ಕೊನೆಯ ಕ್ಷಣಗಳಲ್ಲಿ ರಿವಾಲ್ಡೋ ಎದೆಯ ಮೇಲೆ ಚೆಂಡಿಳಿಸಿಕೊಂಡು, ಗೋಲಿಗೆ ಬೆನ್ನು ಹಾಕಿ ಗಾಳಿಯಲ್ಲಿ ಮಲಗಿ ಒದ್ದರು. ಅವರ ಮೂರನೇ ಗೋಲು, ಪಂದ್ಯದ ಐದನೆಯದು. ಒಬ್ಬ ಆಟಗಾರನ ಒಂದು ಒದೆತ ಕೋಚ್‌ಗೆ ಇನ್ನೊಂದು ವರ್ಷ ದಕ್ಕಿಸಿತು.

ಆ ವರ್ಷ, 2001–02, ಶಾಲೆಯ ದುರ್ಬಲತೆಯನ್ನು ಬೆಳಕಿಗೆ ಹಿಡಿಯಿತು. ಫಿಗೋ ಎಂಬ ಮಹಾ ವಿಂಗರ್ 2000ರಲ್ಲೇ ರಿಯಲ್ ಮ್ಯಾಡ್ರಿಡ್ ಸೇರಿ ಆಗಿತ್ತು. ಆ ಹಣದಲ್ಲಿ ತಂದ ಓವರ್‌ಮಾರ್ಸ್‌ಗೆ ಮೊಣಕಾಲು ಕೈಕೊಡುತ್ತಿತ್ತು. ವಿಂಗರ್ ಆಗಿದ್ದ ಕೋಚ್‌ಗೆ ನಂಬಬಹುದಾದ ವಿಂಗರ್ ಇರಲಿಲ್ಲ. ಆದರೆ ಕೊರತೆ ಆಟಗಾರರದ್ದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ರೆಶಾಕ್ ಮಾತಿನ ಮನುಷ್ಯ, ವಿನೋದಗಾರ, ಹಗ್ಗ ಸಡಿಲ ಬಿಡುವವರು. ಕ್ರೈಫ್ ಪಕ್ಕದಲ್ಲಿದ್ದಾಗ ಆ ಸಡಿಲಿಕೆಗೆ ಅರ್ಥವಿತ್ತು, ಏಕೆಂದರೆ ಬಿಗಿಯುವವರು ಬೇರೊಬ್ಬರಿದ್ದರು. ಒಂಟಿಯಾದಾಗ ಬಿಗಿಯುವ ಕೈ ಕಾಣಲಿಲ್ಲ. ತಂಡ ಲೀಗಿನಲ್ಲಿ ನಾಲ್ಕನೆಯದಾಯಿತು. ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್ ತಲುಪಿ, ಕ್ಯಾಂಪ್ ನೌನಲ್ಲೇ ಜಿದಾನ್ ಮತ್ತು ಮೆಕ್‌ಮನಾಮನ್ ಗೋಲುಗಳಿಂದ ರಿಯಲ್ ಮ್ಯಾಡ್ರಿಡ್‌ಗೆ ಸೋತಿತು. ಋತು ಮುಗಿಯುವಷ್ಟರಲ್ಲಿ ಹಿಂದಿನ ಕೋಚ್ ವಾನ್ ಗಾಲ್ ಮತ್ತೆ ಬರುವುದು ಖಚಿತವಾಗಿತ್ತು. ಕೋಚ್ ಆಗಿ ರೆಶಾಕ್ ಸೋತರು ಎಂದೇ ಹೇಳಬೇಕು. ಅವರನ್ನು ಮೆಚ್ಚುವವರು ಈ ವಿಷಯದಲ್ಲಿ ಮಾತು ಮರೆಸುತ್ತಾರೆ, ಅದು ಬೇಡ.

ಗೆಲುವು ಅದಕ್ಕೆ ಸ್ವಲ್ಪ ಮುಂಚೆ, ಬೇರೆ ಕೆಲಸದಲ್ಲಿ ಆಗಿಹೋಗಿತ್ತು. 2000ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ರೊಸಾರಿಯೋದಿಂದ ಹದಿಮೂರರ ಹುಡುಗನೊಬ್ಬ ತಂದೆಯ ಜೊತೆ ಬಂದಿದ್ದ. ತಾಂತ್ರಿಕ ಕಾರ್ಯದರ್ಶಿಯಾಗಿದ್ದ ರೆಶಾಕ್ ಆಗ ಸಿಡ್ನಿ ಒಲಿಂಪಿಕ್ಸ್‌ನಲ್ಲಿದ್ದರು. ಅವರು ಬರುವವರೆಗೆ ನಿರ್ಧಾರ ಕಾಯಬೇಕಾಯಿತು. ಬಂದ ಮೇಲೆ ಹುಡುಗನನ್ನು ತನಗಿಂತ ದೊಡ್ಡವರ ಜೊತೆ ಆಡಿಸಿದರು. ರೆಶಾಕ್ ತಡವಾಗಿ ಬಂದು ಮೈದಾನದ ಅಂಚಿನಲ್ಲೇ ನಡೆಯುತ್ತಾ ಬೆಂಚಿನ ಕಡೆ ಹೊರಟರು. ಅವರೇ ಹೇಳಿಕೊಂಡಂತೆ, ಬೆಂಚು ತಲುಪುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಕ್ಲಬ್ಬಿಗೆ ಆಗಲಿಲ್ಲ. ಹುಡುಗ ಪರದೇಶದವನು, ಗಾತ್ರದಲ್ಲಿ ಚಿಕ್ಕವನು, ಬೆಳವಣಿಗೆಯ ಹಾರ್ಮೋನ್ ಚಿಕಿತ್ಸೆಯ ಖರ್ಚು ಬೇರೆ, ಜೊತೆಗೆ ಇಡೀ ಕುಟುಂಬದ ಹೊಣೆ. ವಾರಗಳು ಕಳೆದವು. ಅತ್ತ ತಂದೆಯ ತಾಳ್ಮೆ ತೀರುತ್ತಾ ಬಂತು. ಡಿಸೆಂಬರ್ 14ರಂದು ಪೊಂಪೇಯಾ ಟೆನಿಸ್ ಕ್ಲಬ್ಬಿನಲ್ಲಿ, ಏಜೆಂಟರಾದ ಮಿಂಗೆಲ್ಯಾ ಮತ್ತು ಗಜ್ಜೋಲಿ ಎದುರಿಗೆ, ರೆಶಾಕ್ ಕಾಗದದ ಕರವಸ್ತ್ರವೊಂದರ ಮೇಲೆ ಬರೆದು ಸಹಿ ಹಾಕಿದರು.

ಆ ಕರವಸ್ತ್ರ 2024ರ ಮೇನಲ್ಲಿ ಲಂಡನ್ನಿನ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ 7,62,400 ಪೌಂಡಿಗೆ ಹೋಯಿತು. ಪತ್ರಿಕೆಗಳು ಮೊತ್ತವನ್ನು ಬರೆದು ಬೆರಗಾದವು. ನನಗೆ ಮುಖ್ಯವೆನಿಸುವುದು ಬರಹದ ಒಕ್ಕಣೆ. ಕೆಲವರ ಅಭಿಪ್ರಾಯ ವಿರುದ್ಧವಾಗಿದ್ದರೂ, ತನ್ನ ಹೊಣೆಯ ಮೇಲೆ, ಒಪ್ಪಿದ ಮೊತ್ತಕ್ಕೆ ಲಿಯೋನೆಲ್ ಮೆಸ್ಸಿಯನ್ನು ಸೇರಿಸಿಕೊಳ್ಳುತ್ತೇನೆ ಎಂಬುದು ಅದರ ಸಾರ. ಡಿಫೆಂಡರ್ ಎದುರು ಕಾಲು ಹಿಂದೆಗೆಯುತ್ತಾನೆ ಎನ್ನಿಸಿಕೊಂಡ ಮನುಷ್ಯ ಇಡೀ ಸಂಸ್ಥೆಯ ಹಿಂಜರಿಕೆಯೆದುರು ಕಾಲಿಟ್ಟದ್ದು ಇಲ್ಲಿ. ವಕೀಲರ ಕಣ್ಣಿಗೆ ಆ ಕಾಗದಕ್ಕೆ ಎಷ್ಟು ಬೆಲೆಯಿತ್ತೋ ಏನೋ, ಹುಡುಗನ ತಂದೆಗೆ ಅದು ಸಾಕಾಯಿತು.

ಇದು ಒಬ್ಬ ವ್ಯಕ್ತಿಯ ಅದೃಷ್ಟ ಎನ್ನೋಣವೆಂದರೆ ಇನ್ನೊಂದು ಉದಾಹರಣೆ ಅಡ್ಡ ಬರುತ್ತದೆ. ಕ್ರೈಫ್ ತಂಡದ ಎಡ ವಿಂಗರ್ ಚಿಕಿ ಬೆಗಿರಿಸ್ತಾಯಿನ್ 2003ರಲ್ಲಿ ಕ್ಲಬ್ಬಿನ ಕ್ರೀಡಾ ನಿರ್ದೇಶಕರಾದರು. 2008ರಲ್ಲಿ ಹೊಸ ಕೋಚ್ ಬೇಕಾದಾಗ ಮೊರಿನ್ಯೋ ಹೆಸರು ಬಾಗಿಲಲ್ಲೇ ಇತ್ತು, ಅವರೊಡನೆ ಮಾತುಕತೆಯೂ ನಡೆದಿತ್ತು. ಆಯ್ಕೆಯಾದದ್ದು ನಾಲ್ಕನೇ ದರ್ಜೆಯ ಲೀಗಿನಲ್ಲಿ ಒಂದೇ ಒಂದು ವರ್ಷ ಬಾರ್ಸಾ ‘ಬಿ’ ತಂಡವನ್ನು ನಡೆಸಿದ್ದ ಗ್ವಾರ್ಡಿಯೋಲಾ. ನಾಲ್ಕು ವರ್ಷದಲ್ಲಿ 14 ಪ್ರಶಸ್ತಿ ಬಂದವು. ಕ್ಲಬ್ಬಿನ ಇತ್ತೀಚಿನ ಚರಿತ್ರೆಯ ಎರಡು ಅತಿ ದೊಡ್ಡ ತೀರ್ಮಾನಗಳ ಹಿಂದೆ ಇಬ್ಬರು ಅಂಚಿನ ಆಟಗಾರರಿದ್ದಾರೆ. ಇದರಿಂದ ನಿಯಮ ಕಟ್ಟಲಾರೆ, ಆದರೆ ಕಾಕತಾಳೀಯವೆಂದು ತಳ್ಳಿಹಾಕಲೂ ಮನಸ್ಸಿಲ್ಲ. ತೊಂಬತ್ತು ನಿಮಿಷ ಗೆರೆಗೆ ಬೆನ್ನು ಕೊಟ್ಟು ನಿಂತವನಿಗೆ ಇಡೀ ಮೈದಾನ ಒಂದೇ ಕಡೆಯಿಂದ ಕಾಣುತ್ತದೆ. ಉಳಿದವರು ಚೆಂಡಿನೊಳಗೆ ಮುಳುಗಿದ್ದಾಗ ಅವನು ಜನರನ್ನು ನೋಡುತ್ತಿರುತ್ತಾನೆ.

ಹಾಗಾದರೆ ವಿಂಗರ್ ಒಳ್ಳೆಯ ಕೋಚ್ ಆಗಲಾರನೇ? ಎರ್ನೆಸ್ಟೋ ವಾಲ್ವೆರ್ದೆ ಈ ವಾದಕ್ಕೆ ಸಿಗುವುದಿಲ್ಲ. ಕ್ರೈಫ್ ಕೈಕೆಳಗೆ 1988ರಿಂದ ಎರಡು ವರ್ಷ ಆಡಿದವರು, ಗಿಡ್ಡ ಮೈಕಟ್ಟಿನ ಚುರುಕು ಆಟಗಾರ, ಬಾಸ್ಕ್ ಭಾಷೆಯ ಅಡ್ಡಹೆಸರಿನ ಅರ್ಥ ‘ಇರುವೆ’. ಬಾರ್ಸಾ ಕೋಚ್ ಆಗಿ 2018, 2019ರಲ್ಲಿ ಲೀಗ್ ಗೆದ್ದರು. ಆದರೆ ರೋಮಾದಲ್ಲಿ 3–0, ಆನ್‌ಫೀಲ್ಡ್‌ನಲ್ಲಿ 4–0 ಎಂಬ ಸೋಲಿನ ಎರಡು ರಾತ್ರಿಗಳನ್ನು ಆ ಊರು ಅವರ ಹೆಸರಿಗೆ ಬರೆದುಬಿಟ್ಟಿತು, 2020ರ ಜನವರಿಯಲ್ಲಿ ಮನೆಗೆ ಕಳಿಸಿತು. ಅದೇ ಮನುಷ್ಯ ಬಿಲ್ಬಾವೋಗೆ ಮರಳಿ 2024ರಲ್ಲಿ ಅತ್ಲೆಟಿಕ್ ಕ್ಲಬ್ಬಿಗೆ ನಲವತ್ತು ವರ್ಷಗಳ ನಂತರ ಕೋಪಾ ದೆಲ್ ರೇ ತಂದುಕೊಟ್ಟರು. ಅದೂ ಎರಡೂ ಅಂಚಿನಲ್ಲಿ ವಿಲಿಯಮ್ಸ್ ಸಹೋದರರನ್ನು ಓಡಬಿಟ್ಟು. ವಾಲ್ವೆರ್ದೆ ಛಾಯಾಗ್ರಾಹಕರೂ ಹೌದು. ಇದನ್ನು ಓದುಗರು ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಲಿ.

ವಿಚಿತ್ರವೆಂದರೆ ವಿಂಗರ್ ಕಂಡು ತಂದ ಹುಡುಗನೇ ಮುಂದೆ ವಿಂಗರ್‌ನನ್ನು ಅಳಿಸಿದ. ಮೆಸ್ಸಿ ಬಲ ಅಂಚಿನಿಂದ ಶುರು ಮಾಡಿದವನು. 2009ರ ಮೇ 2ರಂದು ಬರ್ನಬೇವಿನಲ್ಲಿ 6–2ರಿಂದ ಗೆದ್ದ ಪಂದ್ಯದಲ್ಲಿ ಗ್ವಾರ್ಡಿಯೋಲಾ ಅವನನ್ನು ನಡುವಿಗೆ ತಂದು ನಿಲ್ಲಿಸಿದರು. ಮ್ಯಾಡ್ರಿಡ್ ಡಿಫೆಂಡರ್‌ಗಳಿಗೆ ಯಾರನ್ನು ಹಿಡಿಯಬೇಕೆಂದೇ ತೋಚಲಿಲ್ಲ. ಬಾರ್ಸಾದಲ್ಲಿ ಪೆಡ್ರೋನಂಥವರು ಅಂಚು ಕಾಯುತ್ತಿದ್ದರು, ಆದ್ದರಿಂದ ಉಪಾಯ ಫಲಿಸಿತು. ಸ್ಪೇನ್ ರಾಷ್ಟ್ರೀಯ ತಂಡ ಮಾತ್ರ ಉಪಾಯವನ್ನೇ ಸಿದ್ಧಾಂತ ಮಾಡಿಕೊಂಡಿತು. 2012ರ ಯುರೋ ಫೈನಲ್‌ನಲ್ಲಿ ಸ್ಟ್ರೈಕರ್ ಇಲ್ಲದೆ, ನಿಜವಾದ ವಿಂಗರ್ ಕೂಡ ಇಲ್ಲದೆ ಇಳಿದು ಇಟಲಿಯನ್ನು 4–0ರಿಂದ ಸೋಲಿಸಿದಾಗ ಅಂಚು ಬೇಡವೇ ಬೇಡ ಎನ್ನಿಸಿರಬೇಕು. 2018ರಲ್ಲಿ ರಷ್ಯಾ ಎದುರು, 2022ರಲ್ಲಿ ಮೊರಾಕ್ಕೋ ಎದುರು ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟು, ಪೆನಾಲ್ಟಿಯಲ್ಲಿ ಸೋತು ವಿಶ್ವಕಪ್‌ನಿಂದ ಹೊರಬಿದ್ದರು. ಗೆರೆಯ ಮೇಲೆ ಯಾರೂ ಹೆದರಿಕೆ ಹುಟ್ಟಿಸದಿದ್ದರೆ ಎದುರಾಳಿ ನಡುವೆ ಕಿಕ್ಕಿರಿದು ನಿಂತುಬಿಡುತ್ತಾನೆ, ಸಾವಿರ ಪಾಸ್ ಕೊಟ್ಟರೂ ಅವನಿಗೆ ನಷ್ಟವಿಲ್ಲ.

ಈ ಶಾಲೆಯ ಒಂದು ಕೊಂಬೆ ಬೆಂಗಳೂರಿನವರೆಗೂ ಚಾಚಿತ್ತು. ಬಾರ್ಸಾದಲ್ಲಿ ಕೋಚ್ ರೈಕಾರ್ಡ್‌ರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ, ಅವರ ನಂತರ ಲಾ ಮಸೀಯಾದಲ್ಲೇ ಬೆಳೆದ ಕಾರ್ಲೆಸ್ ಕ್ವಾದ್ರಾತ್ ಬೆಂಗಳೂರು ಎಫ್‌ಸಿಯನ್ನು ನಡೆಸಿದರು. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್. ಎದುರಾಳಿ ಗೋವಾದ ಕೋಚ್ ಲೊಬೇರಾ ಕೂಡ ಬಾರ್ಸಾದ ಕಿರಿಯರಿಗೆ ಪಾಠ ಹೇಳಿದ್ದವರು. ಮುಂಬೈಯಲ್ಲಿ ಎರಡು ಬಾರ್ಸಾ ಪಾಠಗಳ ನಡುವಿನ ಆ ಪಂದ್ಯ ತೀರ್ಮಾನವಾದದ್ದು ಹೆಚ್ಚುವರಿ ಸಮಯದ ಒಂದು ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟು ಹೊಡೆದ ಗೋಲಿನಿಂದ. ಸಿದ್ಧಾಂತಿಗಳಿಗೆ ಇದು ಇರಿಸುಮುರಿಸು. ಕಾರ್ನರ್ ಒದೆತದಲ್ಲಿ ಹೆಸರು ಮಾಡಿದ್ದ ಚಾರ್ಲಿಗೆ ಆಗಿರಲಿಕ್ಕಿಲ್ಲ.

2024ರ ಯುರೋದಲ್ಲಿ ಸ್ಪೇನ್ ಅಂಚಿಗೆ ಮರಳಿತು. ಬಲಕ್ಕೆ ಲಾ ಮಸೀಯಾದ ಲಾಮಿನ್ ಯಮಾಲ್, ಎಡಕ್ಕೆ ಅತ್ಲೆಟಿಕ್‌ನ ನಿಕೋ ವಿಲಿಯಮ್ಸ್. ಸೆಮಿಫೈನಲ್‌ನಲ್ಲಿ ಹದಿನಾರರ ಯಮಾಲ್ ಫ್ರಾನ್ಸ್ ಗೋಲಿನ ಕಂಬಕ್ಕೆ ತಾಗಿಸಿ ಚೆಂಡನ್ನು ಒಳಗಿಟ್ಟ. ಹದಿನೇಳು ತುಂಬಿದ ಮರುದಿನದ ಫೈನಲ್‌ನಲ್ಲಿ ಅವನ ಪಾಸ್‌ಗೆ ನಿಕೋ ಗೋಲು ಹೊಡೆದ, ಇಂಗ್ಲೆಂಡ್ 2–1ರಿಂದ ಸೋತಿತು. ಪರಂಪರೆ ಮರಳಿತು ಎಂದು ಬರೆದವರು ಬಹಳ. ನನಗೆ ಅರ್ಧ ಅನುಮಾನ. ರೆಶಾಕ್ ಬಲಗಾಲಿನ ಬಲ ವಿಂಗರ್, ಹೊರಗಿನಿಂದ ಸುತ್ತಿ ಕ್ರಾಸ್ ಕೊಡುವ ಕಾಲದವರು. ಯಮಾಲ್ ಎಡಗಾಲಿನವನು, ಒಳಗೆ ಕತ್ತರಿಸಿ ತಾನೇ ಹೊಡೆಯುವವನು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕ್ರೈಫ್ ಆಟದಲ್ಲಿ ವಿಂಗರ್ ಗೆರೆಯ ಮೇಲೆ ನಿಲ್ಲುತ್ತಿದ್ದುದು ಬೇರೆಯವರಿಗೆ ಜಾಗ ಸಿಗಲೆಂದು, ಚೆಂಡು ಅವನ ಬಳಿ ಬರುವುದು ಅಪರೂಪವಾಗಿತ್ತು. ಇಂದಿನ ಬಾರ್ಸಾದಲ್ಲಿ ನಡುವಿನವರು ಪಾಸ್ ಹೆಣೆಯುವುದೇ ಚೆಂಡು ಯಮಾಲ್ ಕಾಲಿಗೆ ಮುಟ್ಟಲಿ ಎಂದು. ಅಂಚಿನವನೇ ಈಗ ತಂಡದ ನಡುಬಿಂದು. ಅವನು ಗಾಯಗೊಂಡ ದಿನ ತಂಡ ಯಾವ ಕಡೆಯಿಂದ ಆಡಬೇಕು ಎಂಬುದಕ್ಕೆ ಈ ಶಾಲೆಯ ಹಳೆಯ ಪಾಠಗಳಲ್ಲಿ ಉತ್ತರವಿದೆ. ಹೊಸಬರು ಅದನ್ನು ತೆಗೆದು ನೋಡಿದಂತೆ ಕಾಣುವುದಿಲ್ಲ.