ಗಾಯ ಮಾಯಿಸುವ ಕಣ

ಗಾಯ ತಾನಾಗಿ ಮಾಯುವುದಿಲ್ಲ, ಮಾಯಿಸುವ ಜೀವಕೋಶಗಳಿವೆ. ಅವುಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಮ್ಯಾಕ್ರೋಫೇಜ್ ಅನ್ನು.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಕ್ಕೆ ಗುಲಾಬಿ ಮುಳ್ಳು ಚುಚ್ಚಿ ನೋಡಿದರು. ಮರುದಿನ ಮುಳ್ಳಿನ ಸುತ್ತ ಚಲಿಸುವ ಕಣಗಳು ಮುತ್ತಿಕೊಂಡಿದ್ದವು. ಮ್ಯಾಕ್ರೋಫೇಜ್‌ನಂಥ ಈ ಭಕ್ಷಕ ಕಣಗಳ ಅಧ್ಯಯನಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಚರ್ಮ ಕುಯ್ದಾಗಲೂ ಹೀಗೆಯೇ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ನುಸುಳಿ ಬಂದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಬೇಗನೆ ಸಾಯುತ್ತವೆ. ಎರಡು ಮೂರು ದಿನಗಳ ಹೊತ್ತಿಗೆ ರಕ್ತದ ಇನ್ನೊಂದು ಬಗೆಯ ಬಿಳಿ ಕಣಗಳಾದ ಮಾನೋಸೈಟ್‌ಗಳು ಗಾಯದೊಳಗೆ ಮ್ಯಾಕ್ರೋಫೇಜ್‌ಗಳಾಗಿ ಬೆಳೆದು ಆ ಸತ್ತ ಕಣಗಳನ್ನೂ ಹಾಳಾದ ಅಂಗಾಂಶವನ್ನೂ ನುಂಗುತ್ತವೆ. ಸೊಗಸೆಂದರೆ, ಹಾಗೆ ನುಂಗುವುದೇ ಅವುಗಳ ಸ್ವಭಾವವನ್ನು ತಿರುಗಿಸುತ್ತದೆ. ಉರಿಯೂತ ಕೆರಳಿಸುತ್ತಿದ್ದವು ಈಗ ಅದನ್ನು ತಣಿಸುತ್ತವೆ. ಹೊಸ ರಕ್ತನಾಳ ಚಿಗುರಲು, ಅಂಗಾಂಶ ಹೆಣೆಯುವ ಕಣಗಳಾದ ಫೈಬ್ರೊಬ್ಲಾಸ್ಟ್‌ಗಳು ಕೊಲಾಜನ್ ಎಂಬ ನಾರು ತಯಾರಿಸಲು ಸಂಕೇತ ಕೊಡುತ್ತವೆ. ಹಳೆಯ ಗೋಡೆ ಕೆಡವಿದ ಕೈಯೇ ಹೊಸ ಗೋಡೆಗೆ ನೂಲು ಹಿಡಿದಂತೆ!

1975ರಲ್ಲಿ ಸಂಶೋಧಕರಾದ ಲೀಬೊವಿಚ್ ಮತ್ತು ರಾಸ್ ಗಿನಿಯಿಲಿಗಳ ಗಾಯದಲ್ಲಿ ಮ್ಯಾಕ್ರೋಫೇಜ್‌ಗಳನ್ನು ತಗ್ಗಿಸಿದಾಗ ಕೊಳೆಯೂ ತೆರವಾಗಲಿಲ್ಲ, ದುರಸ್ತಿಯೂ ತಡವಾಯಿತು. ಮಧುಮೇಹದಲ್ಲಿ ಇವು ಉರಿಯೂತದ ಹಂತದಲ್ಲೇ ಸಿಕ್ಕಿಬೀಳುವುದುಂಟು. ಪಾದದ ಹುಣ್ಣು ತಿಂಗಳುಗಟ್ಟಲೆ ಮಾಯದಿರಲು ಅದೂ ಒಂದು ಕಾರಣ.

ಕಾದಾಡುವ ಶಕ್ತಿ ಹಲವು ಕಣಗಳಿಗಿದೆ. ಕಾದಾಟ ಯಾವಾಗ ನಿಲ್ಲಿಸಿ ಕಟ್ಟಲು ತೊಡಗಬೇಕೆಂಬ ಹದ ಬಲ್ಲದ್ದರಿಂದಲೇ ಮ್ಯಾಕ್ರೋಫೇಜ್ ನನ್ನ ಗೌರವಕ್ಕೆ ಪಾತ್ರ.